ಝೂಮ್ ಎಚ್1ಎನ್: ಪತ್ರಿಕೋದ್ಯಮ ಓದುವವರ ಬ್ಯಾಗಿನಲ್ಲಿ ಇರಲೇಬೇಕಾದ ಪುಟ್ಟ ರೆಕಾರ್ಡರ್

ಪತ್ರಿಕೋದ್ಯಮ ವಿಭಾಗಕ್ಕೆ ಹೊಸದಾಗಿ ಸೇರಿದವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಯಾವ ಕ್ಯಾಮೆರಾ ತಗೊಳ್ಳಲಿ? ನನ್ನ ಉತ್ತರ ಯಾವಾಗಲೂ ಬೇರೆ. ಕ್ಯಾಮೆರಾ ಆಮೇಲೆ ನೋಡೋಣ, ಮೊದಲು ಒಂದು ಆಡಿಯೊ ರೆಕಾರ್ಡರ್ ತಗೊಳ್ಳಿ. ನಾನು ಬಳಸುತ್ತಿರುವುದು ಝೂಮ್ ಎಚ್1ಎನ್. ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೇನೆ. ಕೋರ್ಸ್ ಮುಗಿಸಿ ಹೊರಟಿದ್ದ ಸೀನಿಯರ್ ಅಕ್ಕ ಒಬ್ಬರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಹೊಸದರ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟಿದ್ದೆ. ಈ ಎರಡು ವರ್ಷದಲ್ಲಿ ನಾನು ಖರ್ಚು ಮಾಡಿದ ದುಡ್ಡಿನಲ್ಲಿ ಇಷ್ಟು ಸಾರ್ಥಕವಾದದ್ದು ಮತ್ತೊಂದಿಲ್ಲ.

ಝೂಮ್ ಅಂದರೆ ಆನ್‌ಲೈನ್ ಕ್ಲಾಸಿನ ಝೂಮ್ ಅಲ್ಲ. ಇದು ಜಪಾನಿನ ಕಂಪನಿ, ಸಂಗೀತ ಮತ್ತು ರೆಕಾರ್ಡಿಂಗ್ ಸಲಕರಣೆ ಮಾಡುತ್ತದೆ. ಎಚ್1 ಅನ್ನುವ ಮಾದರಿ 2010ರಲ್ಲಿ ಬಂತು, ಅದನ್ನು ಸುಧಾರಿಸಿದ ಎಚ್1ಎನ್ 2018ರಲ್ಲಿ ಬಂತು. ಅಂಗೈಯಲ್ಲಿ ಹಿಡಿಸುತ್ತದೆ. ಬ್ಯಾಟರಿ ಬಿಟ್ಟರೆ ತೂಕ 60 ಗ್ರಾಂ ಅಷ್ಟೇ. ತುದಿಯಲ್ಲಿ ಎರಡು ಚಿಕ್ಕ ಮೈಕುಗಳು ಒಂದಕ್ಕೊಂದು ಅಡ್ಡ ಬಂದ ಹಾಗೆ 90 ಡಿಗ್ರಿ ಕೋನದಲ್ಲಿ ಕೂತಿವೆ. ಇದಕ್ಕೆ ಎಕ್ಸ್-ವೈ ಜೋಡಣೆ ಅನ್ನುತ್ತಾರೆ. ಎಡದ ಸದ್ದು ಎಡಕ್ಕೆ, ಬಲದ್ದು ಬಲಕ್ಕೆ ಬರುತ್ತದೆ, ಮಧ್ಯದಲ್ಲಿ ಮಾತಾಡುವವರು ಮಧ್ಯದಲ್ಲೇ ಇರುತ್ತಾರೆ.

ಫೋನ್ ಇದೆಯಲ್ಲ, ಇದು ಯಾಕೆ ಅಂತ ಕೇಳುವವರು ಬಹಳ. ನ್ಯಾಯವಾದ ಪ್ರಶ್ನೆಯೇ. ಅವಸರಕ್ಕೆ ಫೋನ್ ಸಾಕು, ನಾನೂ ಬಳಸುತ್ತೇನೆ. ಆದರೆ ಫೋನಿನ ಮೈಕ್ ಇರುವುದು ಫೋನಿನಲ್ಲಿ ಮಾತಾಡುವುದಕ್ಕೆ. ಹಿಂದಿನ ಸದ್ದನ್ನು ಅದು ಎಷ್ಟೋ ಸಲ ತಾನೇ ಅಳಿಸುತ್ತದೆ, ಮಾತು ಸಣ್ಣಗಾದರೆ ತಾನೇ ಏರಿಸುತ್ತದೆ, ಜೋರಾದರೆ ತಾನೇ ಇಳಿಸುತ್ತದೆ. ನಮಗೆ ಬೇಕಾದದ್ದು ಹಾಗೆ ತಿದ್ದಿದ ಸದ್ದಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಮಾತಾಡಿಸಿದರೆ ಅದು ದೇವರಾಜ ಮಾರುಕಟ್ಟೆ ಅಂತ ಕೇಳುವವರಿಗೆ ಗೊತ್ತಾಗಬೇಕು ಅಲ್ವಾ? ಜತೆಗೆ ಸಂದರ್ಶನದ ನಡುವೆ ಫೋನ್ ರಿಂಗಾಗುವುದು, ಮೆಸೇಜ್ ಬರುವುದು, ನಮ್ಮ ಕಣ್ಣು ಅತ್ತ ಹೋಗುವುದು. ಎದುರಿಗೆ ಕೂತವರು ಅದನ್ನು ಗಮನಿಸುತ್ತಾರೆ. ಒಮ್ಮೆ ಅವರ ಗಮನ ತಪ್ಪಿತೆಂದರೆ ಮಾತು ಮತ್ತೆ ಆ ಹದಕ್ಕೆ ಬರುವುದು ಕಷ್ಟ.

ಇದರಲ್ಲಿ ನನಗೆ ಅತಿ ಇಷ್ಟವಾದದ್ದು ಮುಂಭಾಗದಲ್ಲೇ ಇರುವ ದುಂಡನೆಯ ಡಯಲ್. ಸದ್ದು ಎಷ್ಟು ಒಳಗೆ ಬರಬೇಕು ಅಂತ ಅದನ್ನು ತಿರುಗಿಸಿ ನಾವೇ ತೀರ್ಮಾನಿಸುತ್ತೇವೆ. ಪರದೆಯಲ್ಲಿ ಎರಡು ಪಟ್ಟಿಗಳು ಮಾತಿಗೆ ತಕ್ಕ ಹಾಗೆ ಓಡುತ್ತವೆ. ಜೋರು ಮಾತಿಗೆ ಅವು ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲಬೇಕು. ಸೊನ್ನೆ ಮುಟ್ಟಿದರೆ ಸದ್ದು ಒಡೆಯಿತು ಅಂತಲೇ ಅರ್ಥ, ಆಮೇಲೆ ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಸರಿ ಮಾಡಲಾರದು. ಲೆವೆಲ್ ತಾನೇ ಹೊಂದಿಸುವ ಆಟೊ ಬಟನ್ ಕೂಡ ಇದೆ, ನಾನು ಅದನ್ನು ಆಫ್ ಮಾಡಿಯೇ ಇಡುತ್ತೇನೆ. ಯಾರಾದರೂ ಇದ್ದಕ್ಕಿದ್ದಂತೆ ಜೋರಾಗಿ ನಕ್ಕರೂ ಸದ್ದು ಒಡೆಯದ ಹಾಗೆ ತಡೆಯುವ ಲಿಮಿಟರ್ ಮಾತ್ರ ಯಾವಾಗಲೂ ಆನ್. ಫ್ಯಾನಿನ ಗುಂಯ್ ಸದ್ದು, ಗಾಳಿಯ ಗುಡುಗುಡು ಕಡಿಮೆ ಮಾಡುವುದಕ್ಕೆ ಲೋ ಕಟ್. ಇವಕ್ಕೆಲ್ಲ ಬೇರೆ ಬೇರೆ ಬಟನ್ ಇವೆ, ಮೆನುವಿನೊಳಗೆ ಹೋಗಿ ಹುಡುಕಬೇಕಿಲ್ಲ. ಎದುರಿಗೆ ಒಬ್ಬ ಮನುಷ್ಯ ಕೂತು ತನ್ನ ಬದುಕಿನ ಕಥೆ ಹೇಳುತ್ತಿರುವಾಗ ನಾವು ಮೆನು ಹುಡುಕುತ್ತಾ ಕೂರುವುದಿದೆಯಲ್ಲ, ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ಈಗ ನಿಜವಾಗಿ ಹೇಳಬೇಕಾದ ವಿಷಯ. ಈ ರೆಕಾರ್ಡರ್ ನನಗೆ ಸುಮ್ಮನಿರುವುದನ್ನು ಕಲಿಸಿತು.

ನಾನು ಹುಣಸೂರು ಕಡೆಯವಳು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಎಂ.ಎ. ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪಟಪಟ ಮಾತಾಡುವವರ ನಡುವೆ ನಾನು ಹಿಂದಿನ ಬೆಂಚಿನಲ್ಲಿ ಇರುತ್ತಿದ್ದೆ. ಮಾಧ್ಯಮ ಅಂದರೆ ಜೋರಾಗಿ, ಬೇಗ ಬೇಗ, ಎದುರಿನವರಿಗಿಂತ ಮೊದಲು ಮಾತಾಡುವುದು ಅಂತ ಎಲ್ಲರ ತಲೆಯಲ್ಲೂ ಕೂತಿತ್ತು. ಟಿವಿ ಚರ್ಚೆಗಳಲ್ಲಿ ಒಂದೇ ಸಲ ನಾಲ್ಕು ಜನ ಮಾತಾಡುವುದನ್ನು ನೋಡಿಕೊಂಡೇ ಅಲ್ವಾ ನಾವು ಬೆಳೆದದ್ದು. ನಿರೂಪಕಿ ಆಗಬೇಕಾದರೆ ಹಾಗಿರಬೇಕು, ನನಗೆ ಅದು ಬರುವುದಿಲ್ಲ ಅನ್ನುವ ಭಯ ಇತ್ತು.

ರೆಕಾರ್ಡರ್ ಹಿಡಿದ ಮೇಲೆ ಗೊತ್ತಾಯಿತು, ಈ ಕೆಲಸದ ಅರ್ಧ ಭಾಗ ಬಾಯಿ ಮುಚ್ಚಿಕೊಂಡಿರುವುದು. ಎದುರಿನವರು ಮಾತಾಡುವಾಗ ನಾವು "ಹ್ಞೂಂ, ಹ್ಞೂಂ, ಹೌದಾ" ಅನ್ನುತ್ತಲೇ ಇರುತ್ತೇವೆ. ಅದು ನಮ್ಮ ಮರ್ಯಾದೆಯ ರೀತಿ. ಆದರೆ ಹೆಡ್‌ಫೋನಿನಲ್ಲಿ ಕೇಳಿದರೆ ಅವರ ಪ್ರತಿ ವಾಕ್ಯದ ಮೇಲೂ ನಮ್ಮ "ಹ್ಞೂಂ" ಕೂತಿರುತ್ತದೆ, ಎಡಿಟ್ ಮಾಡಿ ತೆಗೆಯಲು ಆಗುವುದೇ ಇಲ್ಲ. ಅದಕ್ಕೇ ತಲೆ ಆಡಿಸಬೇಕು, ಕಣ್ಣಲ್ಲೇ ಕೇಳಿಸಿಕೊಳ್ಳಬೇಕು. ಇನ್ನೊಂದು, ಉತ್ತರ ಮುಗಿದ ತಕ್ಷಣ ಮುಂದಿನ ಪ್ರಶ್ನೆ ಹಾಕಬಾರದು. ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ನಾವು ಸುಮ್ಮನಿದ್ದರೆ ಅವರು ಇನ್ನೊಂದು ಮಾತು ಸೇರಿಸುತ್ತಾರೆ, ಬಹಳ ಸಲ ನಾವು ಹುಡುಕಿಕೊಂಡು ಬಂದದ್ದು ಆ ಇನ್ನೊಂದು ಮಾತೇ ಆಗಿರುತ್ತದೆ.

ಮಾರುಕಟ್ಟೆಯಲ್ಲಿ ಹೂವು ಕಟ್ಟುವ ಅಜ್ಜಿಯೊಬ್ಬರನ್ನು ಮಾತಾಡಿಸಿದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಬೆಲೆ, ವ್ಯಾಪಾರ, ಮಳೆಗಾಲದ ಕಷ್ಟ ಎಲ್ಲ ಹೇಳಿ ಮುಗಿಸಿದರು. ನಾನು ಸುಮ್ಮನೆ ಅವರ ಕೈ ನೋಡುತ್ತಿದ್ದೆ. ಬಾಳೆ ನಾರನ್ನು ನೀರಿನಲ್ಲಿ ಅದ್ದಿ, ಎರಡು ಮೊಗ್ಗು ಈ ಕಡೆ ಎರಡು ಆ ಕಡೆ ಇಟ್ಟು ಗಂಟು ಬಿಗಿಯುತ್ತಿದ್ದರು. ಕಟ್ಟುತ್ತಾ ಕಟ್ಟುತ್ತಾ ಅವರೇ ಹೇಳಿದರು: "ಕಣ್ಣು ಮಂಜಾಗ್ಬುಟ್ಟದೆ ಮಗ. ಬೆರಳೇ ನೋಡ್ಕಂಡು ಕಟ್ತದೆ." ಇದಕ್ಕೆ ನನ್ನ ಹತ್ತಿರ ಪ್ರಶ್ನೆಯೇ ಇರಲಿಲ್ಲ. ಆ ಧ್ವನಿಯ ಹಿಂದೆ ನಾರು ಎಳೆಯುವ ಸರಕ್ ಅನ್ನುವ ಸದ್ದು, ದೂರದಲ್ಲಿ "ಮಾರಿಗೆಷ್ಟು" ಅಂತ ಕೇಳುವ ಗಿರಾಕಿ, ತಲೆ ಹೊರೆಯವರು "ಜಾಗ ಬಿಡಿ" ಅನ್ನುವುದು, ಎಲ್ಲ ಎಡ ಬಲ ಸಮೇತ ಬಂದಿದೆ. ಅದನ್ನು ಕ್ಲಾಸಿನಲ್ಲಿ ಕೇಳಿಸಿದೆ. ಪಾಠ ಮಾಡುವ ಮೇಡಂ ಎರಡನೇ ಸಲ ಹಾಕು ಅಂದರು. ಆ ದಿನದಿಂದ ನನಗೆ ಇಂಗ್ಲಿಷಿನ ಭಯವೂ ಹೋಯಿತು, ಹಿಂದಿನ ಬೆಂಚೂ ಹೋಯಿತು.

ಊರಿಗೆ ಹೋದಾಗ ನಮ್ಮ ಅಜ್ಜಿಯ ಸೋಬಾನೆ ಪದಗಳನ್ನೂ ಹಿಡಿದಿಟ್ಟಿದ್ದೇನೆ. "ಅದೇನ್ ಮಗ, ಟಾರ್ಚಾ?" ಅಂತ ಕೇಳಿದರು. "ಇಲ್ಲಜ್ಜಿ, ನಿನ್ ಹಾಡು ಹಿಡ್ಕೊಳೋದು" ಅಂದೆ. ರೆಕಾರ್ಡರ್‌ನ ಹಿಂಭಾಗದಲ್ಲೇ ಪುಟ್ಟ ಸ್ಪೀಕರ್ ಇದೆ, ಹಾಡಿದ ತಕ್ಷಣ ಅವರಿಗೇ ಕೇಳಿಸಿದೆ. ಸದ್ದು ಚಿಕ್ಕದು, ಕಿವಿ ಹತ್ತಿರ ಹಿಡಿಯಬೇಕು. ಆದರೆ ತಮ್ಮ ಧ್ವನಿ ತಾವೇ ಕೇಳಿದ ಮೇಲೆ ಅವರು ಮರೆತಿದ್ದೆ ಅಂದುಕೊಂಡಿದ್ದ ಇನ್ನೊಂದು ಪದ ನೆನಪಿಸಿಕೊಂಡು ಹಾಡಿದರು. ನಿಮ್ಮ ಮನೆಯಲ್ಲೂ ವಯಸ್ಸಾದವರು ಇದ್ದರೆ ದಯವಿಟ್ಟು ಈ ಕೆಲಸ ಮುಂದೂಡಬೇಡಿ.

ಮೈಸೂರಿನಲ್ಲಿ ಕೂತು ಸದ್ದಿನ ಬಗ್ಗೆ ಬರೆಯುವಾಗ ಎಂ.ವಿ. ಗೋಪಾಲಸ್ವಾಮಿ ಅವರ ಹೆಸರು ಬಿಡುವುದಕ್ಕೆ ಆಗುವುದಿಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಈ ಪ್ರಾಧ್ಯಾಪಕರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಇವತ್ತು ಇಡೀ ದೇಶ ಹೇಳುವ ಆಕಾಶವಾಣಿ ಅನ್ನುವ ಹೆಸರು ಆ ಕೇಂದ್ರದ್ದು. ಆಮೇಲೆ ಕೋಲಾರ ಜಿಲ್ಲೆಯ ಬೂದಿಕೋಟೆ. ಅಲ್ಲಿನ ಜನ "ನಮ್ಮ ಧ್ವನಿ" ಅಂತ ಕಾರ್ಯಕ್ರಮ ಮಾಡಲು ಹೊರಟಾಗ ಹಳ್ಳಿಯವರಿಗೆ ಗಾಳಿಯಲ್ಲಿ ಪ್ರಸಾರ ಮಾಡುವ ಲೈಸೆನ್ಸ್ ಕೊಡುವ ಪದ್ಧತಿಯೇ ಇರಲಿಲ್ಲ. ಅವರು ಕೇಬಲ್ ಎಳೆದು ಮನೆ ಮನೆಗೆ ತಲುಪಿಸಿದರು. ಸಮುದಾಯ ಬಾನುಲಿ, ಅಂದರೆ ಸ್ಥಳೀಯರಿಗಾಗಿಯೇ ನಡೆಯುವ ಚಿಕ್ಕ ರೇಡಿಯೊ ಕೇಂದ್ರ, ಅದರ ಬಾಗಿಲು 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ತೆರೆಯಿತು, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ತೆರೆಯಿತು. ನಾವು ವಿದ್ಯಾರ್ಥಿಗಳು ರೆಕಾರ್ಡ್ ಮಾಡಿದ್ದಕ್ಕೆ ಈಗ ಅಲ್ಲೆಲ್ಲ ಜಾಗ ಇದೆ. ಸಮುದಾಯ ಬಾನುಲಿಯಲ್ಲಿ ಸ್ವಂತ ಸುದ್ದಿ ಮಾಡುವ ಹಾಗಿಲ್ಲ, ಆಕಾಶವಾಣಿಯ ಸುದ್ದಿಯನ್ನು ಮಾತ್ರ ಮರುಪ್ರಸಾರ ಮಾಡಬಹುದು. ಹಾಗಾಗಿ ಅಲ್ಲಿಗೆ ಬೇಕಾದದ್ದು ಜನರ ಮಾತು, ಹಾಡು, ಬೇಸಾಯ, ಆರೋಗ್ಯ. ಇಂಥ ರೆಕಾರ್ಡರ್ ಇದ್ದರೆ ಆ ಕೆಲಸ ನಾಳೆಯೇ ಶುರು ಮಾಡಬಹುದು.

ಸರಿ, ಬಳಕೆಯ ವಿಚಾರ. ಎರಡು ಟ್ರಿಪಲ್ ಎ ಬ್ಯಾಟರಿ ಹಾಕಿದರೆ ಹತ್ತಿರ ಹತ್ತಿರ 10 ಗಂಟೆ ಓಡುತ್ತದೆ ಅಂತ ಕಂಪನಿ ಹೇಳುತ್ತದೆ. ರೀಚಾರ್ಜ್ ಆಗುವ ಸೆಲ್ ತಗೊಳ್ಳಿ, ಒಂದು ಜೋಡಿ ಬ್ಯಾಗಿನಲ್ಲಿ ಜಾಸ್ತಿ ಇರಲಿ. ಮೈಕ್ರೊ ಎಸ್‌ಡಿ ಕಾರ್ಡ್ 32 ಜಿಬಿವರೆಗೆ ಹಿಡಿಯುತ್ತದೆ. ಸದ್ದನ್ನು ಕುಗ್ಗಿಸದೆ ಹಾಗೇ ಇಡುವ ವೇವ್ ಫೈಲ್ ಅನ್ನು 24 ಬಿಟ್, 48 ಕಿಲೊಹರ್ಟ್ಸ್‌ನಲ್ಲಿ ಇಟ್ಟರೆ ಸ್ಟೀರಿಯೊ ಒಂದು ಗಂಟೆಗೆ 1 ಜಿಬಿ ಲೆಕ್ಕ. ಜಾಗ ಉಳಿಸಲು ಎಂಪಿ3 ಹಾಕಬೇಡಿ, ಎಡಿಟಿಂಗ್‌ಗೆ ವೇವ್ ಬೇಕು. ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ.

ಕೈಯಲ್ಲಿ ಹಿಡಿಯುವ ಯಾವ ಸಣ್ಣ ರೆಕಾರ್ಡರ್ ಆದರೂ ಬೆರಳು ಜಾರಿದರೆ ಆ ಸದ್ದು ಒಳಗೆ ಬರುತ್ತದೆ. ಇದಕ್ಕೂ ಅದು ತಪ್ಪಿದ್ದಲ್ಲ, ಪ್ಲಾಸ್ಟಿಕ್ ಮೈ. ಟ್ರೈಪಾಡ್ ಸ್ಕ್ರೂ ಹಾಕುವ ತೂತು ಇದೆ, ಪುಟ್ಟ ಟ್ರೈಪಾಡ್ ಸಿಕ್ಕಿಸಿ ಅದನ್ನೇ ಹಿಡಿಯಿರಿ. ಚಾಮುಂಡಿ ಬೆಟ್ಟದಂಥ ಗಾಳಿ ಬೀಸುವ ಕಡೆ ಮೈಕಿಗೆ ಕೂದಲಿರುವ ವಿಂಡ್‌ಸ್ಕ್ರೀನ್ ಬೇಕೇ ಬೇಕು, ಬರೀ ಸ್ಪಂಜು ಸಾಲದು. ಮೈಕ್ ಹತ್ತಿರ ಇರಲಿ, ಇದು ಮುಖ್ಯ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಮಾತಿನ ಸದ್ದು 6 ಡೆಸಿಬಲ್ ಇಳಿಯುತ್ತದೆ, ಸುತ್ತಲ ಗದ್ದಲ ಮಾತ್ರ ಹಾಗೇ ಇರುತ್ತದೆ. ಒಂದು ಗೇಣು ದೂರ ಸಾಕು. ಅಷ್ಟು ಹತ್ತಿರ ಹಿಡಿದರೆ ಮುಜುಗರ ಆಗುವವರಿಗೆ ಕಾಲರ್ ಮೈಕ್ ಸಿಕ್ಕಿಸಬಹುದು, 3.5 ಎಂಎಂ ಜಾಕ್ ಇದೆ. ಎಕ್ಸ್‌ಎಲ್‌ಆರ್ ಅನ್ನುವ ಮೂರು ಪಿನ್ನಿನ ದೊಡ್ಡ ಮೈಕು ಹಾಕುವ ಜಾಗ ಇಲ್ಲ. ನಾಟಕ, ಸಂಗೀತ ಕಛೇರಿ ರೆಕಾರ್ಡ್ ಮಾಡುವವರು ಇದಕ್ಕಿಂತ ಮೇಲಿನ ಮಾದರಿ ನೋಡುವುದು ಒಳ್ಳೆಯದು.

ಸಂದರ್ಶನ ಮುಗಿದ ಮೇಲೆ ತಕ್ಷಣ ಸ್ಟಾಪ್ ಒತ್ತಬೇಡಿ. ಯಾರೂ ಮಾತಾಡದೆ ಅರ್ಧ ನಿಮಿಷ ಆ ಜಾಗದ ಸದ್ದನ್ನು ಹಾಗೇ ಹಿಡಿಯಿರಿ. ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಎಡಿಟ್ ಮಾಡುವಾಗ ಎರಡು ಮಾತಿನ ನಡುವೆ ಅದನ್ನೇ ತುಂಬುವುದು, ಇಲ್ಲದಿದ್ದರೆ ಕತ್ತರಿಸಿದ ಜಾಗ ಕಿವಿಗೆ ಹೊಡೆಯುತ್ತದೆ. ಹಾಸ್ಟೆಲ್ ರೂಮಿನದು ಬೇರೆ, ಹಳ್ಳಿ ಮನೆಯ ಪಡಸಾಲೆಯದು ಬೇರೆ, ಲೈಬ್ರರಿಯದು ಇನ್ನೂ ಬೇರೆ. ಇದು ಗೊತ್ತಾದ ಮೇಲೆ ಎಲ್ಲಿ ಹೋದರೂ ಮೊದಲು ಕಿವಿ ಕೊಡುವ ಅಭ್ಯಾಸ ಬಂದಿದೆ. ಗೆಳತಿಯರು ಕಷ್ಟ ಹೇಳಿಕೊಂಡಾಗಲೂ ಈಗ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳುತ್ತೇನೆ.

ಬರಹಕ್ಕೆ ಇಳಿಸುವ ಕೆಲಸ ದೊಡ್ಡದು. ನಮ್ಮ ಕಡೆಯ ಆಡುಮಾತನ್ನು ಸಾಫ್ಟ್‌ವೇರ್ ಕೈಗೆ ಕೊಟ್ಟು ಬಿಡುವುದಕ್ಕೆ ನನಗೆ ಧೈರ್ಯ ಇಲ್ಲ, ಕೂತು ಕೇಳಿ ಟೈಪ್ ಮಾಡುತ್ತೇನೆ. ಇದರಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿ ಕೇಳುವ ಅನುಕೂಲ ಇದೆ, ಬಹಳ ಉಪಯೋಗಕ್ಕೆ ಬರುತ್ತದೆ. ಇನ್ನು ಅನುಮತಿ. ಕೆಂಪು ದೀಪ ಹತ್ತಿಸುವ ಮೊದಲೇ ಯಾಕೆ, ಎಲ್ಲಿಗೆ ಅಂತ ಹೇಳಿ ಒಪ್ಪಿಗೆ ಕೇಳಿ. ಒಪ್ಪಿದ್ದನ್ನೂ ರೆಕಾರ್ಡ್‌ನಲ್ಲೇ ಹೇಳಿಸಿಕೊಳ್ಳಿ. ಬೇಡ ಅಂದರೆ ಜೇಬಿಗೆ ಹಾಕಿ. ಕದ್ದು ಹಿಡಿಯುವಷ್ಟು ಚಿಕ್ಕದಿದೆ ಅಂತ ಹಾಗೆ ಮಾಡುವುದು ಖಂಡಿತ ಬೇಡ.

2024ರಲ್ಲಿ ಎಚ್1 ಎಸೆನ್ಷಿಯಲ್ ಅಂತ ಹೊಸದು ಬಂದಿದೆ. 32 ಬಿಟ್ ಫ್ಲೋಟ್ ಅನ್ನುವ ವಿಧಾನ ಅದರಲ್ಲಿದೆ, ಲೆವೆಲ್ ಹೊಂದಿಸುವ ಕೆಲಸವೇ ಇಲ್ಲ. ದುಡ್ಡಿದ್ದು ಹೊಸದೇ ಬೇಕು ಅನ್ನುವವರು ಅದನ್ನು ತಗೊಳ್ಳಿ. ಕಲಿಯುವವರಿಗೆ ನಾನು ಹೇಳುವುದು ಎಚ್1ಎನ್, ಡಯಲ್ ತಿರುಗಿಸುತ್ತಲೇ ಕಿವಿ ಪಳಗುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಬ್ಯಾಟರಿ ಕೂರುವ ಜಾಗದಲ್ಲಿ ಕಿಲುಬು ಇದೆಯಾ ನೋಡಿ, ಡಯಲ್ ತಿರುಗಿಸುವಾಗ ಕರಕರ ಅನ್ನುತ್ತದಾ ಹೆಡ್‌ಫೋನ್ ಹಾಕಿ ಕೇಳಿ, ಕಾರ್ಡ್ ಹಾಕಿ ತೆಗೆದು ಪರೀಕ್ಷಿಸಿ, ಐದು ನಿಮಿಷ ರೆಕಾರ್ಡ್ ಮಾಡಿ ಎರಡೂ ಮೈಕು ಸಮ ಇವೆಯಾ ಅಂತ ಖಚಿತ ಮಾಡಿಕೊಂಡು ದುಡ್ಡು ಕೊಡಿ. ನಮ್ಮ ವಿಭಾಗದ ಜೂನಿಯರ್‌ಗಳಿಗೆ ಕೊಳ್ಳುವ ಮೊದಲು ಬಳಸಿ ನೋಡಬೇಕು ಅನಿಸಿದರೆ ನನ್ನದನ್ನೇ ಕೊಡುತ್ತೇನೆ, ಶನಿವಾರ ತಗೊಂಡು ಹೋಗಿ ಸೋಮವಾರ ಕ್ಲಾಸಿಗೆ ಬರುವಾಗ ತಂದುಕೊಡಿ.