ಜಿಸಿಸಿ 14ರ ಎರರ್‌ಗಳು: ಹಳೇ ಕಂಪೈಲರೋ, ಫ್ಲ್ಯಾಗೋ, ಕೋಡು ತಿದ್ದುವುದೋ?

ಪುಣೆಯ ಹಿಂಜವಡಿ, ಪಿಂಪ್ರಿ-ಚಿಂಚವಾಡ ಕಡೆ ಹತ್ತು-ಹದಿನೈದು ವರ್ಷ ಹಳೆಯ ಸಿ ಕೋಡನ್ನು ನೋಡಿಕೊಳ್ಳುವ ಕನ್ನಡಿಗರು ಸಾಕಷ್ಟಿದ್ದಾರೆ. ಮಷೀನಿನ ಲಿನಕ್ಸ್, ಅಂದರೆ ಡೆಬಿಯನ್, 12ರಿಂದ 13ಕ್ಕೆ ಏರಿತೆಂದರೆ, ಕೋಡನ್ನು ಓಡುವ ಪ್ರೋಗ್ರಾಂ ಮಾಡಿಕೊಡುವ ಕಂಪೈಲರ್ ಜಿಸಿಸಿ 12 ಹೋಗಿ 14 ಬರುತ್ತದೆ. ನಿನ್ನೆಯವರೆಗೆ ವಾರ್ನಿಂಗ್ ಆಗಿದ್ದದ್ದು ಇವತ್ತು ಎರರ್: ಡಿಕ್ಲೇರ್ ಮಾಡದೆ ಕರೆದ ಫಂಕ್ಷನ್, ಪಾಯಿಂಟರಿಗೆ (ಮೆಮೊರಿ ವಿಳಾಸಕ್ಕೆ) ಹಾಕಿದ ಇಂಟ್ (ಪೂರ್ಣಾಂಕ), ಟೈಪ್ ಹೊಂದದ ಪಾಯಿಂಟರು. ಒಂದೇ ಕೋಡಿನ ಮೇಲೆ ಮೂರು ದಾರಿಗಳನ್ನೂ ಓಡಿಸಿ ನೋಡಿದ್ದರ ಹೋಲಿಕೆ ಇದು.

ಯಾವ ದಾರಿ ಹಿಡಿಯುವ ಮೊದಲೂ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ. ಬಿಲ್ಡ್ ಸಜ್ಜುಮಾಡುವ ಸಿಮೇಕ್ ಮೊದಲ ಸಲ ಕಂಡ ಕಂಪೈಲರನ್ನೇ ಕ್ಯಾಶ್ ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಅದಿರುವ ತನಕ, ಸಿ ಕಂಪೈಲರ್ ಯಾವುದೆಂದು ಹೇಳುವ ಸಿಸಿ ವೇರಿಯಬಲ್ ಬದಲಿಸಿ ಪ್ರಯೋಜನವಿಲ್ಲ. ಮೇಕ್ ಅನ್ನು ಒಂದೇ ಜಾಬಿನಲ್ಲಿ ಓಡಿಸಿ ಮೊದಲ ಎರರ್ ಮಾತ್ರ ಓದಿ. ಕೆಳಗಿನವು ಹೆಚ್ಚಾಗಿ ಅದರ ಮರಿಗಳು.

ಹಳೇ ಕಂಪೈಲರ್ ಬೇಗ ಕೆಲಸಕ್ಕೆ ಬರುತ್ತದೆ. ಜಿಸಿಸಿ-12, ಜಿ++-12 (ಸಿ++ನದು) ಎರಡನ್ನೂ ಹಾಕಿ, ಸಿಸಿ ಮತ್ತು ಸಿಎಕ್ಸ್‌ಎಕ್ಸ್ ಎರಡಕ್ಕೂ ಹೆಸರು ಕೊಡಿ. ಒಂದನ್ನೇ ಬದಲಿಸಿದರೆ ಅರ್ಧ ಕೋಡು 12ರಲ್ಲಿ, ಅರ್ಧ 14ರಲ್ಲಿ ಕಂಪೈಲ್ ಆಗುತ್ತದೆ. ಅಪ್‌ಡೇಟ್-ಆಲ್ಟರ್ನೇಟಿವ್ಸ್‌ನಿಂದ ಇಡೀ ಮಷೀನಿಗೇ 12 ಕೂರಿಸುವುದು ಬೇಡ: ಕರ್ನಲ್ 14ರಲ್ಲಿ ಕಂಪೈಲ್ ಆಗಿದ್ದು, ಅದರ ಡ್ರೈವರ್ ಮಾಡ್ಯೂಲುಗಳು 12ರಲ್ಲಿ ಕಟ್ಟಲು ಹೋಗಿ ಕೈಕೊಡಬಹುದು.

ಎರಡನೆಯದು ಎಫ್‌ಪರ್ಮಿಸಿವ್ ಫ್ಲ್ಯಾಗ್. ಶುಕ್ರವಾರ ಸಂಜೆ ಸ್ವಾರಗೇಟಿನಲ್ಲಿ ಹುಬ್ಬಳ್ಳಿ ಬಸ್ಸು ಹಿಡಿಯುವ ಅವಸರದಲ್ಲಿ ಎಲ್ಲರ ಕೈ ಇದಕ್ಕೇ ಹೋಗುತ್ತದೆ. ಎರರ್‌ಗಳು ಮತ್ತೆ ವಾರ್ನಿಂಗ್ ಆಗಿ, ಬಿಲ್ಡ್ ದಾಟುತ್ತದೆ. ನಮ್ಮ ಲೆಕ್ಕದಲ್ಲಿ ಮೂರರಲ್ಲಿ ಅಪಾಯದ್ದು ಇದೇ. ಎಸ್‌ಟಿಆರ್‌ಪಿ‌ಟೈಮ್ ಫಂಕ್ಷನ್ನನ್ನೇ ನೋಡಿ, ಪಠ್ಯದಲ್ಲಿರುವ ದಿನಾಂಕ-ಸಮಯವನ್ನು ಓದಿಕೊಳ್ಳುವಂಥದ್ದು. ಡಿಕ್ಲರೇಷನ್ ಕಾಣದಿದ್ದರೆ ಕಂಪೈಲರ್ ಅದು ಇಂಟ್ ಕೊಡುತ್ತದೆಂದು ಎಣಿಸುತ್ತದೆ. 64 ಬಿಟ್ ಮಷೀನಿನಲ್ಲಿ ಅದು ಕೊಡುವ ಪಾಯಿಂಟರಿನ ಮೇಲಿನ 32 ಬಿಟ್ ಕತ್ತರಿಸಿಹೋಗಿ, ಆ ವಿಳಾಸ ಮುಟ್ಟಿದ ಕೂಡಲೇ ಪ್ರೋಗ್ರಾಂ ಬೀಳುವ ಸೆಗ್‌ಫಾಲ್ಟ್. ಇದು 12ರಲ್ಲೂ ಇದ್ದ ದೋಷವೇ. ಅಪರೂಪಕ್ಕೆ ಓಡುವ ಸಾಲಿನಲ್ಲಿದ್ದರೆ ವಾರ್ನಿಂಗ್‌ಗಳ ರಾಶಿಯಲ್ಲಿ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. 14 ಅದನ್ನು ಹಿಡಿದು ತೋರಿಸಿತು, ಫ್ಲ್ಯಾಗ್ ಮತ್ತೆ ಮುಚ್ಚಿತು.

ಇನ್ನು ಕೋಡು ತಿದ್ದುವುದು. ನಿಧಾನ, ಆದರೆ ಹೆದರುವಷ್ಟಲ್ಲ. ಬಹುಪಾಲು ತಿದ್ದುಪಡಿ ಒಂದೊಂದೇ ಸಾಲು. ಎಸ್‌ಟಿಆರ್‌ಪಿ‌ಟೈಮ್‌ಗೆ ಟೈಮ್ ಹೆಡರ್ ಸೇರಿಸಿದರೆ ಸಾಲದು, ಅದು ಆಗಲೇ ಇರುತ್ತದೆ. ಫೈಲಿನ ತುತ್ತತುದಿಯಲ್ಲಿ, ಯಾವುದೇ ಇನ್‌ಕ್ಲೂಡ್‌ಗೂ ಮೊದಲು, _ಗ್ನು_ಸೋರ್ಸ್ ಡಿಫೈನ್ ಮಾಡಬೇಕು, ಆಗ ಆ ಹೆಡರ್ ಡಿಕ್ಲರೇಷನ್ ತೋರಿಸುತ್ತದೆ. ಒಂದು ಇನ್‌ಕ್ಲೂಡ್ ದಾಟಿ ಕೆಳಗೆ ಬರೆದರೆ ಫಲವಿಲ್ಲ. ಸಿ++ನಲ್ಲಿ ಯುಇಂಟ್32_ಟಿ ಎಂಬ ಟೈಪ್ ಗೊತ್ತಿಲ್ಲವೆಂದರೆ ಸಿಎಸ್‌ಟಿಡಿಇಂಟ್ ಹೆಡರ್ ಹಾಕಿ. ಜಿಸಿಸಿ 13ರಿಂದ ಬೇರೆ ಹೆಡರುಗಳು ಅದನ್ನು ಬೆನ್ನಿಗೆ ಕಟ್ಟಿಕೊಂಡು ಬರುವುದನ್ನು ಬಿಟ್ಟಿವೆ. ಇಲ್ಲಿ ಎಫ್‌ಪರ್ಮಿಸಿವ್ ಕೂಡ ನಡೆಯದು.

ಈ ವಾರವೇ ರಿಲೀಸ್ ಇದ್ದರೆ ಆ ಒಂದು ಬಿಲ್ಡಿಗೆ ಮಾತ್ರ 12 ಇಟ್ಟು, ತಿದ್ದುಪಡಿ ಶುರುಮಾಡಿ. ಮಷೀನಿನಲ್ಲಿ ಏನೇನಿದೆಯೆಂದು ಪರೀಕ್ಷಿಸುವ ಹಳೇ ಕಾನ್ಫಿಗರ್ ಸ್ಕ್ರಿಪ್ಟ್ ಇರುವ ಕೋಡಿಗೆ 12 ಇನ್ನೊಂದಕ್ಕೂ ಬೇಕು. ಆ ಸ್ಕ್ರಿಪ್ಟಿನ ಸಣ್ಣ ಪರೀಕ್ಷಾ ಪ್ರೋಗ್ರಾಂಗಳೇ 14ರಲ್ಲಿ ಎರರ್ ಆಗಿ, ಇರುವ ಫಂಕ್ಷನ್ನನ್ನೂ ‘ಇಲ್ಲ’ ಎಂದು ಬರೆದುಬಿಡುತ್ತವೆ. ಬಿಲ್ಡ್ ಮಾತ್ರ ಸಲೀಸಾಗಿ ಮುಗಿಯುತ್ತದೆ. 12 ಮತ್ತು 14ರಲ್ಲಿ ಕಾನ್ಫಿಗರ್ ಓಡಿಸಿ, ಎರಡು ಕಾನ್ಫಿಗ್ ಹೆಡರುಗಳಿಗೆ ಡಿಫ್ ಹಾಕಿ. ವ್ಯತ್ಯಾಸ ಕಂಡರೆ ಆಟೋರೀಕಾನ್ಫ್‌ನಿಂದ ಸ್ಕ್ರಿಪ್ಟನ್ನು ಹೊಸದಾಗಿ ಹುಟ್ಟಿಸಿ, ಮತ್ತೊಮ್ಮೆ ಡಿಫ್ ನೋಡಿ.