ಲಸಿಕೆ ಕಾರ್ಡ್ ನಂಬಿ ನಾಯಿಮರಿ ಕೊಳ್ಳುವವರಿಗೆ ಒಂದು ಎಚ್ಚರಿಕೆ

ಕಲಬುರಗಿಯಲ್ಲಿ ವಾಟ್ಸ್ಯಾಪ್ ಗುಂಪುಗಳ ಮೂಲಕ ನಾಯಿಮರಿ ಕೊಳ್ಳಲು ಹೊರಟಿರುವವರು ತಳಿ, ಬಣ್ಣ, ಬೆಲೆಗಳನ್ನು ವಿಚಾರಿಸುವುದಕ್ಕೆ ಮೊದಲು ಮರಿಯ ವಯಸ್ಸನ್ನು ಖಚಿತಪಡಿಸಿಕೊಳ್ಳಬೇಕು. ಈ ಬೇಸಿಗೆಯಲ್ಲಿ ನಾವು ತಂದ ಲ್ಯಾಬ್ರಡಾರ್ ಮರಿ ವಾರ ತುಂಬುವುದರೊಳಗೆ ಪಾರ್ವೊ ಎಂಬ, ವಾಂತಿ-ಭೇದಿ ತರುವ ವೈರಾಣು ರೋಗದಿಂದ ಸತ್ತುಹೋಯಿತು. ಅದನ್ನು ಮಾರಿದವನು ಹೇಳಿದ್ದ ವಯಸ್ಸೂ ಕೊಟ್ಟಿದ್ದ ಲಸಿಕೆ ಕಾರ್ಡೂ ಎರಡೂ ಸುಳ್ಳಾಗಿದ್ದವು.

ಮರಿ ಬರುವ ಮೊದಲೇ ಮನೆಯಲ್ಲಿ ತಕ್ಕ ಸಿದ್ಧತೆ ಆಗಿತ್ತು. ನಮ್ಮ ಕಡೆಯ ಮನೆಗಳಲ್ಲಿ ಹಾಸಿರುವ ಶಹಾಬಾದಿ ಫರ್ಸಿ ಕಲ್ಲು ಏಪ್ರಿಲ್ ಬಿಸಿಲಿಗೆ ಕಾದರೆ ಮನುಷ್ಯರೇ ಕಾಲಿಡಲಾರರು. ಆದ್ದರಿಂದ ಒಳಕೋಣೆಯಲ್ಲಿ ಗೋಣಿಚೀಲ ಹಾಸಿ, ನೀರಿನ ಬಟ್ಟಲಿಟ್ಟು, ಬೀದಿನಾಯಿಗಳು ನುಗ್ಗದಂತೆ ಗೇಟಿಗೆ ಜಾಲರಿ ಕಟ್ಟಿಸಿದ್ದೆವು. ಮಾರುವವನು ತನ್ನ ಮನೆಗೆ ಕರೆಯಲಿಲ್ಲ. ತಾಯಿನಾಯಿಯನ್ನು ನೋಡಬೇಕೆಂದು ಕೇಳಿದರೆ ಅದು ಊರಿನ ಹೊಲದ ಮನೆಯಲ್ಲಿದೆ ಎಂದ. ರಿಂಗ್ ರಸ್ತೆಯ ಪಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಮರಿಯನ್ನು ತಂದು ಕೊಟ್ಟು, "ಎರಡು ತಿಂಗಳ ಮ್ಯಾಲಾಗ್ಯಾದ್ರಿ ಸರ, ಇಂಜೆಕ್ಷನ್ ಎಲ್ಲಾ ಆಗ್ಯಾವ, ಕಾರ್ಡ್ ಇಟ್ಕೋರಿ" ಎಂದು ಹೇಳಿ ಹಣ ಪಡೆದು ಹೋದ.

ಮರುದಿನವೇ ಮರಿ ಮಂಕಾಯಿತು, ಬಟ್ಟಲನ್ನು ಮೂಸಿ ಹಿಂದೆ ಸರಿಯಿತು, ಸಂಜೆಗೆ ವಾಂತಿ ಶುರುವಾಯಿತು. ಮಾರಿದವನಿಗೆ ಫೋನ್ ಮಾಡಿದಾಗ ಜಾಗ ಬದಲಾದರೆ ಹೀಗಾಗುವುದು ಸಹಜ, ಮೊಸರನ್ನ ಹಾಕಿದರೆ ಸರಿಹೋಗುತ್ತದೆ ಎಂದ. ಪಕ್ಕದ ಮನೆಯವರು ದೃಷ್ಟಿ ತೆಗೆಯಲು ಹೇಳಿದರು. ರಾತ್ರಿ ಕಳೆಯುವುದರೊಳಗೆ ರಕ್ತ ಬೆರೆತ ಭೇದಿಯಾಗಿ ಇಡೀ ಕೋಣೆ ತಡೆಯಲಾಗದಷ್ಟು ನಾರತೊಡಗಿತು.

ಬೆಳಿಗ್ಗೆ ಪಶುವೈದ್ಯರು ಕಾರ್ಡನ್ನು ಬದಿಗಿಟ್ಟು ಮೊದಲು ಮರಿಯ ಬಾಯಿ ಬಿಡಿಸಿದರು. ಎರಡು ತಿಂಗಳು ದಾಟಿದ ಮರಿಗೆ ಸಾಮಾನ್ಯವಾಗಿ 28 ಹಾಲುಹಲ್ಲುಗಳೂ ಬಂದಿರುತ್ತವೆ. ಇದರ ಬಾಯಲ್ಲಿ ಮುಂದಿನ ಹಲ್ಲುಗಳೂ ಕೋರೆಹಲ್ಲುಗಳ ಮೊನೆಯೂ ಮಾತ್ರ ಇದ್ದು, ದವಡೆಯ ಕಡೆ ಒಸಡು ಖಾಲಿಯಾಗಿತ್ತು. ಐದು ವಾರ ದಾಟಿರಲಾರದು ಎಂದು ಹೇಳಿದ ಮೇಲೆ ಅವರು ಕಾರ್ಡನ್ನು ತೆರೆದು ತೋರಿಸಿದರು. ಎಲ್ಲ ಸಾಲುಗಳನ್ನೂ ಒಂದೇ ಪೆನ್ನಿನಲ್ಲಿ ಒಂದೇ ಬಾರಿಗೆ ಬರೆಯಲಾಗಿತ್ತು. ಲಸಿಕೆ ಹಾಕಿದ ವೈದ್ಯರು ಸೀಸೆಯ ಮೇಲಿನ ಚಿಕ್ಕ ಲೇಬಲನ್ನು ಕಿತ್ತು ಕಾರ್ಡಿಗೆ ಅಂಟಿಸುವುದು ರೂಢಿ. ಬ್ಯಾಚ್ ಸಂಖ್ಯೆಯಿರುವ ಆ ಲೇಬಲ್ ಒಂದೂ ಇರಲಿಲ್ಲ, ವೈದ್ಯರ ನೋಂದಣಿ ಸಂಖ್ಯೆಯೂ ಇರಲಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ರೇಬೀಸ್ ಲಸಿಕೆಯೂ ಆಗಿದೆಯೆಂದು ಅದರಲ್ಲಿ ಬರೆದಿತ್ತು. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದ ಮೇಲೆ ಹಾಕುತ್ತಾರೆ. ಸುಳ್ಳು ಬರೆಯುವವನಿಗೆ ಅಷ್ಟು ಲೆಕ್ಕವೂ ಗೊತ್ತಿರಲಿಲ್ಲ.

ಒಂದು ವೇಳೆ ಆ ವಯಸ್ಸಿನಲ್ಲಿ ನಿಜವಾಗಿಯೇ ಪಾರ್ವೊ ಲಸಿಕೆ ಹಾಕಿಸಿದ್ದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ತಾಯಿಯ ಮೊದಲ ಹಾಲಿನಿಂದ ಬಂದ ರೋಗನಿರೋಧಕ ಅಂಶಗಳು ಮರಿಯ ರಕ್ತದಲ್ಲಿ ಇರುವವರೆಗೂ ಲಸಿಕೆಯನ್ನೇ ನಿಷ್ಫಲಗೊಳಿಸಬಲ್ಲವು, ಮತ್ತು ಅವು ಯಾವ ಮರಿಯಲ್ಲಿ ಯಾವಾಗ ಕರಗುತ್ತವೆ ಎಂಬುದನ್ನು ಮೊದಲೇ ಹೇಳಲು ಬರುವುದಿಲ್ಲ. ಅದಕ್ಕಾಗಿಯೇ 6ರಿಂದ 8 ವಾರದಲ್ಲಿ ಮೊದಲ ಲಸಿಕೆ ಹಾಕಿ, ಮುಂದೆ 16 ವಾರ ತುಂಬುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಮತ್ತೆ ಹಾಕುತ್ತಾರೆ. ಅಷ್ಟು ಮುಗಿಯುವ ತನಕ ಬೀದಿನಾಯಿಗಳು ಓಡಾಡುವ ನೆಲಕ್ಕೆ ಮರಿಯನ್ನು ಇಳಿಸಬಾರದು.

ವೈರಾಣುವನ್ನೇ ಕೊಲ್ಲುವ ಔಷಧಿ ಸಾಮಾನ್ಯ ಚಿಕಿತ್ಸೆಯಲ್ಲಿ ಇಲ್ಲ. ಸಲೈನ್ ಹಾಕಿ, ವಾಂತಿ ತಡೆದು, ಬೇರೆ ಸೋಂಕು ಸೇರದಂತೆ ನೋಡಿಕೊಂಡು ಮರಿ ತಾನಾಗಿ ಚೇತರಿಸಿಕೊಳ್ಳಲು ಸಮಯ ಒದಗಿಸುವುದೇ ಚಿಕಿತ್ಸೆ. ಬೇಗ ಕರೆದೊಯ್ದರೆ ಎಷ್ಟೋ ಮರಿಗಳು ಬದುಕುತ್ತವೆ. ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿಗೆ ಒಯ್ಯುವ ಮಾತೂ ಬಂತು, ಆದರೆ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರವನ್ನು ಆ ಬಿಸಿಲಿನಲ್ಲಿ ತಡೆದುಕೊಳ್ಳುವ ಸ್ಥಿತಿಯಲ್ಲಿ ಮರಿ ಇರಲಿಲ್ಲ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು ಕನಿಷ್ಠ ಮೂರು ದಿನವಾದರೂ ಬೇಕು. ಅಂದರೆ ನಮ್ಮ ಕೈಗೆ ಬರುವಾಗಲೇ ಅದಕ್ಕೆ ರೋಗ ತಗುಲಿತ್ತು.

ಇದನ್ನು ಹೇಳಿದಾಗ ಮಾರಿದವನು ಜಗಳವಾಡಲಿಲ್ಲ, ಹಣ ಕೇಳಬೇಡಿ, ನಾಳೆಯೇ ಬೇರೆ ಮರಿ ಕೊಡುತ್ತೇನೆ ಎಂದ. ಇಷ್ಟು ಸಲೀಸಾಗಿ ಬದಲಿ ಮರಿ ಕೊಡಲು ಮುಂದಾಗುವವನಿಗೆ ಮರಿಗಳು ಸಾಯುವುದು ಹೊಸತಲ್ಲ ಎಂದೇ ನಾನು ತಿಳಿಯುತ್ತೇನೆ. ಪಾರ್ವೊ ಸತ್ತ ಮರಿಯೊಂದಿಗೆ ಹೋಗುವುದಿಲ್ಲ, ನೆಲದಲ್ಲಿ ಮತ್ತು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಪೂರ್ಣವಾಗದ ಇನ್ನೊಂದು ಮರಿಯನ್ನು ಅಲ್ಲಿಗೆ ತಂದರೆ ಅದೂ ಅದೇ ದಾರಿ ಹಿಡಿಯಬಹುದು. ಮನೆಮನೆಯಲ್ಲಿ ಬಳಸುವ ಫಿನಾಯಿಲನ್ನು ಇದಕ್ಕೆ ನಂಬುವಂತಿಲ್ಲ. ಮೊದಲು ಸಾಬೂನು ನೀರಿನಿಂದ ಕೊಳೆಯನ್ನೆಲ್ಲ ತೊಳೆದು, ಬಳಿಕ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಸುರಿದು, ನೆಲ ಕನಿಷ್ಠ 10 ನಿಮಿಷ ಒದ್ದೆಯಾಗಿರುವಂತೆ ಬಿಡಬೇಕು. ಬ್ಲೀಚಿಗೆ ಆಸಿಡ್ ಆಗಲಿ ಬೇರಾವ ಕ್ಲೀನರ್ ಆಗಲಿ ಬೆರೆಸಬಾರದು, ಕಿಟಕಿ ತೆರೆದಿಡಬೇಕು. ಫರ್ಸಿಗಳ ಸಂದುಗಳನ್ನು ಬ್ರಷ್‌ನಿಂದ ತಿಕ್ಕಿದೆವು, ಗೋಣಿಚೀಲ ಸುಟ್ಟೆವು. ಅಂಗಳದ ಮಣ್ಣಿಗೆ ಮಾತ್ರ ಇಂಥ ಉಪಾಯ ನಡೆಯುವುದಿಲ್ಲ. ನಾಯಿಗಳ ಪಾರ್ವೊ ಮನುಷ್ಯರಿಗೆ ಅಂಟುವುದಿಲ್ಲ ಎಂಬುದನ್ನು ಓಣಿಯವರಿಗೆ ತಿಳಿಸಿ ಹೇಳಬೇಕಾಯಿತು.

ನಾಯಿಗಳ ಸಾಕಣೆ ಮತ್ತು ಮಾರಾಟಕ್ಕೆ ಸಂಬಂಧಿಸಿದ 2017ರ ಕೇಂದ್ರ ನಿಯಮಗಳ ಪ್ರಕಾರ ಮರಿ ಹಾಕಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಮತ್ತು ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಸಂಖ್ಯೆ ಕೇಳಿದೊಡನೆ ಮಾತು ಬದಲಿಸುವವನೊಂದಿಗೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಿ. ಮರಿಯನ್ನು ಅದರ ತಾಯಿಯ ಬಳಿಯೇ ನೋಡಿ, ಹಣ ಕೊಡುವ ಮೊದಲು ನಿಮ್ಮ ಆಯ್ಕೆಯ ವೈದ್ಯರಿಂದ ಅದರ ಹಲ್ಲು ನೋಡಿಸಿ. ನಗದು ಕೊಡದೆ ಫೋನ್ ಮೂಲಕವೇ ಪಾವತಿಸಿ, ವಯಸ್ಸಿನ ಬಗ್ಗೆ ಮಾರುವವನು ಕಳಿಸಿದ ಸಂದೇಶಗಳನ್ನೂ ವೈದ್ಯರ ಚೀಟಿಯನ್ನೂ ಅಳಿಸದೆ ಇಟ್ಟುಕೊಳ್ಳಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಕಾಶವಿದೆ, ಮತ್ತು ಅಲ್ಲಿ ಮೊದಲು ಕೇಳುವುದು ಈ ಕಾಗದಪತ್ರಗಳನ್ನೇ.