ರಾತ್ರಿ ಬಸ್ಸಿನ ಡಿಕ್ಕಿಗೆ ಕ್ಯಾಮೆರಾ ಬ್ಯಾಗು ಕೊಡಬೇಡಿ: ವಿಯೆನ್ನಾ–ವೆನಿಸ್ ದಾರಿಯಲ್ಲಿ ನನಗಾದದ್ದು

ಇದನ್ನು ಬರೆಯಲು ನಾನು ನಾಲ್ಕು ತಿಂಗಳು ತಡಮಾಡಿದ್ದಕ್ಕೆ ಕಾರಣ ನಾಚಿಕೆ. ಶಿವಮೊಗ್ಗದ ನಮ್ಮ ಛಾಯಾಗ್ರಾಹಕರ ಬಳಗದಲ್ಲಿ ಹೊಸಬರಿಗೆ ‘ಪ್ರಯಾಣದಲ್ಲಿ ಕ್ಯಾಮೆರಾ ಬ್ಯಾಗು ಹೆಗಲಿನಿಂದ ಇಳಿಯಕೂಡದು’ ಎಂದು ಹತ್ತು ವರ್ಷಗಳಿಂದ ಪಾಠ ಹೇಳುತ್ತ ಬಂದವನು ನಾನೇ. ಕಳೆದ ಸೆಪ್ಟೆಂಬರಿನ ಒಂದು ರಾತ್ರಿ ಆ ಬ್ಯಾಗನ್ನು ವಿಯೆನ್ನಾದಲ್ಲಿ ಬಸ್ಸಿನ ಡಿಕ್ಕಿಯೊಳಗೆ ಕೈಯಾರೆ ಇಟ್ಟವನೂ ನಾನೇ. ಬೆಳಿಗ್ಗೆ ವೆನಿಸ್ ಪಕ್ಕದ ಮೆಸ್ತ್ರೆಯಲ್ಲಿ ಇಳಿದಾಗ ಅದು ಇರಲಿಲ್ಲ.

ಒಬ್ಬನೇ ಬಸ್ಸಿನಲ್ಲಿ ಯೂರೋಪ್ ಸುತ್ತುವುದು ಹಣ ಉಳಿಸುವ ದಾರಿ ಎಂಬುದನ್ನು ಈ ಪ್ರವಾಸ ಮಾಡಿದವರಿಗೆ ಹೇಳಬೇಕಾಗಿಲ್ಲ. ರಾತ್ರಿ ಬಸ್ಸು ಹಿಡಿದರೆ ಒಂದು ರಾತ್ರಿಯ ಕೋಣೆ ಬಾಡಿಗೆಯೂ ಉಳಿಯುತ್ತದೆ. ನಾನು ಬರ್ಲಿನ್‌ನಲ್ಲಿ ಹೊರಟು ಡ್ರೆಸ್ಡೆನ್, ಪ್ರಾಗ್, ಬುಡಾಪೆಸ್ಟ್ ಮುಗಿಸಿ ವಿಯೆನ್ನಾಕ್ಕೆ ಬಂದಿದ್ದೆ. ಅಲ್ಲಿಯವರೆಗಿನ ಬಸ್ಸುಗಳಲ್ಲೆಲ್ಲ ಕ್ಯಾಮೆರಾ ಬ್ಯಾಗು ನನ್ನ ಕಾಲ ಬಳಿಯೇ ಇತ್ತು, ಯಾರೂ ಏನೂ ಅಂದಿರಲಿಲ್ಲ.

ವಿಯೆನ್ನಾದ ಎರ್ಡ್‌ಬೆರ್ಗ್ ಬಸ್ ನಿಲ್ದಾಣ ಹೆದ್ದಾರಿಯ ಮೇಲ್ಸೇತುವೆಯ ಅಡಿಯಲ್ಲಿದೆ. ತಲೆಯ ಮೇಲೆ ಲಾರಿಗಳ ಸದ್ದು, ಕೆಳಗೆ ಮಂಕು ದೀಪ, ಆ ರಾತ್ರಿ ಜೊತೆಗೆ ಮಳೆ. ಬಸ್ಸು ಮುಕ್ಕಾಲು ಗಂಟೆ ತಡವಾಗಿ ಬಂತು. ಚಾಲಕ ಇಳಿದವನೇ ಟಿಕೆಟ್ ನೋಡುವ ಮೊದಲು ನನ್ನ ಹೆಗಲಿನ ಬ್ಯಾಗಿನ ಮೇಲೆ ಕಣ್ಣುಹಾಕಿ, ಬೆರಳಿನಿಂದ ಡಿಕ್ಕಿಯನ್ನು ತೋರಿಸಿದ. ಕ್ಯಾಮೆರಾ ಎಂದೆ. ‘ನೋ ಇನ್‌ಸೈಡ್, ಬಿಗ್’ ಎಂದ. ಜಿಪ್ಪು ತೆರೆದು ಲೆನ್ಸುಗಳನ್ನು ತೋರಿಸಿ, ಇದು ಬೆಲೆಬಾಳುವ ವಸ್ತು, ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎಂದು ಬೇಡಿಕೊಂಡೆ. ಈಗ ಯೋಚಿಸಿದರೆ ಮೈ ಉರಿಯುತ್ತದೆ, ಏಕೆಂದರೆ ಸಾಲಿನಲ್ಲಿ ನಿಂತಿದ್ದ ಇಪ್ಪತ್ತು ಮೂವತ್ತು ಜನರ ಎದುರಿಗೆ ಬ್ಯಾಗಿನಲ್ಲಿ ಏನಿದೆ ಎಂಬುದನ್ನು ನಾನೇ ಪ್ರದರ್ಶನಕ್ಕೆ ಇಟ್ಟಂತಾಯಿತು. ಹಿಂದಿನವರು ಗೊಣಗತೊಡಗಿದರು. ಚಾಲಕ ಎದೆಯ ಮೇಲೆ ಕೈಯಿಟ್ಟು ‘ಸೇಫ್, ಸೇಫ್, ಐ ಲಾಕ್’ ಎಂದ. ಆ ಎದೆಯ ಮೇಲಿನ ಕೈಗೆ ನಾನು ಮೋಸಹೋದೆ. ನಮ್ಮಲ್ಲಿ ಯಾರಾದರೂ ಹಾಗೆ ಎದೆ ಮುಟ್ಟಿ ಹೇಳಿದರೆ ಅದು ಮಾತು ಕೊಟ್ಟಂತೆಯೇ ಅಲ್ಲವೇ? ಬ್ಯಾಗನ್ನು ಒಳಗಿಟ್ಟೆ. ಚೀಟಿ ಇಲ್ಲ, ನಂಬರಿಲ್ಲ, ರಸೀದಿಯಿಲ್ಲ.

ನಮ್ಮೂರಿನಿಂದ ಬೆಂಗಳೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕೂಡ ಡಿಕ್ಕಿ ತೆರೆದಾಗ ಕ್ಲೀನರ್ ಹುಡುಗ ಪಕ್ಕದಲ್ಲೇ ನಿಂತು ‘ಯಾವುದು ಸಾರ್ ನಿಮ್ಮದು’ ಎಂದು ಕೇಳಿ ಎತ್ತಿಕೊಡುತ್ತಾನೆ. ಇಲ್ಲಿ ಕೇಳುವವರೇ ಇಲ್ಲ. ಗ್ರಾಜ್‌ನಲ್ಲಿ ಬಸ್ಸು ನಿಂತಾಗ ನಾನು ಇಳಿದು ಡಿಕ್ಕಿಯ ಬಳಿ ಹೋಗಿ ನೋಡಿದೆ, ಬ್ಯಾಗಿತ್ತು. ಚಾಲಕ ದೂರದಲ್ಲಿ ಸಿಗರೇಟು ಸೇದುತ್ತಿದ್ದ, ಇಳಿದವರು ತಮಗೆ ಬೇಕಾದ್ದನ್ನು ಎಳೆದುಕೊಂಡು ಹೋಗುತ್ತಿದ್ದರು. ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು, ಬ್ಯಾಗನ್ನು ಸುಮ್ಮನೆ ಎತ್ತಿಕೊಂಡು ಒಳಗೆ ಬರಬೇಕಿತ್ತು. ಬರಲಿಲ್ಲ. ಕ್ಲಾಗೆನ್‌ಫುರ್ಟ್ ಬಂದಾಗ ನಿದ್ದೆಯಲ್ಲಿದ್ದೆ. ಫಿಲ್ಲಾಖ್ ಬಂದದ್ದು ಅರೆಬರೆ ನೆನಪಿದೆ. ಉದಿನೆ ಬಂದುಹೋದದ್ದು ಗೊತ್ತೇ ಆಗಲಿಲ್ಲ. ಈ ಮೂರು ಊರುಗಳಲ್ಲಿ ಯಾವುದರಲ್ಲಿ ಅದು ಹೋಯಿತೆಂದು ನನಗೆ ಇವತ್ತಿಗೂ ತಿಳಿಯದು.

ಮೆಸ್ತ್ರೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಇಳಿದೆ. ಬಟ್ಟೆಯ ಸೂಟ್‌ಕೇಸ್ ಇತ್ತು. ಅದರ ಪಕ್ಕದಲ್ಲಿ ಬ್ಯಾಗು ಇಟ್ಟಿದ್ದ ಜಾಗದಲ್ಲಿ ಕಪ್ಪು ರಬ್ಬರ್ ಹಾಸು ಮಾತ್ರ ಕಾಣುತ್ತಿತ್ತು. ನಾನು ಮಂಡಿಯೂರಿ, ಫೋನಿನ ಟಾರ್ಚ್ ಹಾಕಿ, ಡಿಕ್ಕಿಯೊಳಗೆ ಅರ್ಧ ನುಗ್ಗಿ ಆ ಕಡೆಯ ಬಾಗಿಲಿನವರೆಗೂ ಹುಡುಕಿದೆ. ಇನ್ನೊಂದು ಬಸ್ಸಿನ ಜನ ನಿಂತು ನೋಡುತ್ತಿದ್ದರು. ಚಾಲಕನ ಬಳಿ ಓಡಿದರೆ, ಅಲ್ಲಿದ್ದವನು ಬೇರೆಯವನು. ದಾರಿಯಲ್ಲೆಲ್ಲೋ ಚಾಲಕ ಬದಲಾಗಿದ್ದ! ಎದೆ ಮುಟ್ಟಿದವನು ಎಲ್ಲಿಯೋ ಇಳಿದುಹೋಗಿದ್ದ. ಹೊಸಬ ಭುಜ ಕುಣಿಸಿ, ‘ನಾಟ್ ಮೈ ಪ್ರಾಬ್ಲೆಂ, ರೈಟ್ ಟು ಕಂಪನಿ’ ಎಂದು ಹೇಳಿ ಬಾಗಿಲು ಹಾಕಿಕೊಂಡ. ನಾನು ರಸ್ತೆಯ ಅಂಚಿನಲ್ಲಿ ಸೂಟ್‌ಕೇಸ್ ಹಿಡಿದು ನಿಂತಿರುವಾಗಲೇ ಫೋನಿಗೆ ಕಂಪನಿಯ ಮಿಂಚಂಚೆ ಬಂತು: ನಿಮ್ಮ ಪ್ರಯಾಣ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

ಹೋದದ್ದು ಒಂದು ನಿಕಾನ್ ಝಡ್ 6 ಎರಡನೆಯ ಮಾದರಿ, 24-70 ಮತ್ತು 70-200 ಲೆನ್ಸುಗಳು, ಎಲ್ಲ ಸೇರಿ ಸುಮಾರು 3.5 ಲಕ್ಷ ರೂಪಾಯಿ. ಅದು ಹೋಗಲಿ. ಪ್ರತಿ ರಾತ್ರಿ ಚಿತ್ರಗಳನ್ನು ನಕಲು ಮಾಡಿಕೊಳ್ಳುತ್ತಿದ್ದ ಹಾರ್ಡ್ ಡಿಸ್ಕ್ ಕೂಡ ಅದೇ ಬ್ಯಾಗಿನಲ್ಲಿತ್ತು. ಅದೇ ಬ್ಯಾಗಿನಲ್ಲಿ! ಬೆಳಗಿನ ಐದೂವರೆಗೆ ಪ್ರಾಗ್‌ನ ಚಾರ್ಲ್ಸ್ ಸೇತುವೆಯ ಮೇಲೆ ಜನರೇ ಇಲ್ಲದಾಗ ಮೂರ್ತಿಗಳ ಬೆನ್ನಿಗೆ ಮಂಜು ತಾಗಿದ್ದು, ಬುಡಾಪೆಸ್ಟ್‌ನ ಸಂಸತ್ ಭವನದ ದೀಪಗಳು ಡ್ಯಾನ್ಯೂಬ್ ನದಿಯಲ್ಲಿ ಅಲುಗಾಡಿದ್ದು, ಹದಿನಾಲ್ಕು ದಿನಗಳ ಕೆಲಸ, ಒಂದೂ ಉಳಿಯಲಿಲ್ಲ. ಮನೆಗೆ ಫೋನ್ ಮಾಡಿದಾಗ ನನ್ನ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಸ್‌ಪೋರ್ಟು ನಿಮ್ಮ ಹತ್ತಿರವೇ ಇದೆ ತಾನೇ? ಮೊದಲು ಏನಾದರೂ ತಿನ್ನಿ’ ಎಂದಳು.

ಪೊಲೀಸರಲ್ಲಿ ದೂರು ಕೊಡಲು ಅರ್ಧ ದಿನ ಹೋಯಿತು. ಅಲ್ಲಿ ನನ್ನನ್ನು ಕಾಪಾಡಿದ್ದು ಒಂದೇ ಕಾಗದ. ಬೆಂಗಳೂರಿನಲ್ಲಿ ವಿಮಾನ ಹತ್ತುವ ಮೊದಲು, ಹಿಂತಿರುಗುವಾಗ ಸುಂಕದ ತಕರಾರು ಬಾರದಿರಲೆಂದು ಕಸ್ಟಮ್ಸ್‌ನವರಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡಿದ್ದೆ, ಅದರಲ್ಲಿ ಕ್ಯಾಮೆರಾದ ಮತ್ತು ಲೆನ್ಸುಗಳ ಸೀರಿಯಲ್ ಸಂಖ್ಯೆಗಳಿದ್ದವು. ಅದಿಲ್ಲದಿದ್ದರೆ ನನಗೆ ಒಂದು ಸಂಖ್ಯೆಯೂ ನೆನಪಿರಲಿಲ್ಲ.

ಇನ್ನು ಕಂಪನಿಯ ಉತ್ತರಗಳು. ಮೊದಲನೆಯದು ಯಂತ್ರ ಬರೆದದ್ದು, ಒಂದು ದೂರು ಸಂಖ್ಯೆ. ಎರಡನೆಯದು ಹನ್ನೊಂದು ದಿನಗಳ ನಂತರ: ಕಳೆದುಹೋದ ವಸ್ತುಗಳ ನಮೂನೆ ತುಂಬಿ, ಬ್ಯಾಗಿನ ಬಣ್ಣ ತಿಳಿಸಿ. ಎರಡು ಬಾರಿ ತುಂಬಿದ್ದೆ, ಮೂರನೆಯ ಬಾರಿ ತುಂಬಿದೆ. ಮೂರನೆಯ ಉತ್ತರದಲ್ಲಿ, ಬಸ್ಸು ನಮ್ಮದಲ್ಲ, ಸಹಭಾಗಿ ಸಂಸ್ಥೆಯದು, ಚಾಲಕನೂ ಅವರವನೇ ಎಂದರು. ಬಸ್ಸಿನ ಮೈಮೇಲೆ ಇವರ ಹೆಸರು, ಟಿಕೆಟ್ಟಿನ ಮೇಲೆ ಇವರ ಹೆಸರು, ಹಣ ಹೋದದ್ದು ಇವರ ಖಾತೆಗೆ, ಬ್ಯಾಗು ಹೋದಾಗ ಮಾತ್ರ ಬಸ್ಸು ಬೇರೆಯವರದು. ನಾಲ್ಕನೆಯ ಉತ್ತರ ನನ್ನನ್ನು ನಿಜಕ್ಕೂ ಕೆರಳಿಸಿತು: ಕ್ಯಾಮೆರಾದಂಥ ಬೆಲೆಬಾಳುವ ವಸ್ತುಗಳನ್ನು ಡಿಕ್ಕಿಯಲ್ಲಿ ಇಡಬಾರದೆಂದು ನಮ್ಮ ನಿಯಮದಲ್ಲೇ ಇದೆ, ನೀವು ನಿಯಮ ಮೀರಿದ್ದೀರಿ. ನಿಮ್ಮ ಚಾಲಕನೇ ಬಲವಂತವಾಗಿ ಇಡಿಸಿದ ಎಂದು ಬರೆದರೆ, ಅಂಥ ಸೂಚನೆ ಕೊಟ್ಟಿಲ್ಲವೆಂದು ಚಾಲಕ ತಿಳಿಸಿದ್ದಾನೆ ಎಂಬ ಒಂದೇ ಸಾಲಿನ ಉತ್ತರ ಬಂತು.

ಆಗ ನಾನು ಕಾನೂನು ಹಿಡಿದು ಹೊರಟೆ, ಅದು ಇನ್ನೊಂದು ನಗೆಪಾಟಲು. ಬಸ್ ಪ್ರಯಾಣಿಕರ ಹಕ್ಕುಗಳಿಗಾಗಿ ಯೂರೋಪಿಯನ್ ಒಕ್ಕೂಟದ 181/2011 ಸಂಖ್ಯೆಯ ನಿಯಮಾವಳಿ ಇದೆ. ಅದರಲ್ಲಿ ಸಾಮಾನಿನ ಪರಿಹಾರದ ಮಿತಿ ಪ್ರತಿ ಬ್ಯಾಗಿಗೆ 1200 ಯೂರೋಗಿಂತ ಕಡಿಮೆ ಇರಕೂಡದು ಎಂಬ ಸಾಲನ್ನು ಓದಿದವನೇ, ಗೆದ್ದೆ ಎಂದುಕೊಂಡು ಅದನ್ನು ದಪ್ಪಕ್ಷರಗಳಲ್ಲಿ ಬರೆದು ಕಳಿಸಿದೆ. ಅವರು ಎರಡೇ ಗಂಟೆಯಲ್ಲಿ ಉತ್ತರಿಸಿದರು, ಅಷ್ಟು ಬೇಗ ಬಂದ ಉತ್ತರ ಅದೊಂದೇ: ದಯವಿಟ್ಟು ಅದೇ ವಿಧಿಯ ಮೊದಲ ಭಾಗವನ್ನೂ ಓದಿ. ಓದಿದೆ. ಆ ಪರಿಹಾರ ಬಸ್ಸು ಅಪಘಾತಕ್ಕೀಡಾಗಿ ಸಾಮಾನು ಹಾಳಾದರೆ ಅಥವಾ ಕಳೆದರೆ ಮಾತ್ರ. ಬಸ್ಸು ಹೊರಡುವುದು ಎರಡು ಗಂಟೆಗಿಂತ ಹೆಚ್ಚು ತಡವಾದರೆ ಟಿಕೆಟ್ಟಿನ ಹಣ ವಾಪಸು ಕೇಳಬಹುದು, ಕಳ್ಳತನದ ಮಾತು ಅದರಲ್ಲಿಲ್ಲ. ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಸಣ್ಣಕ್ಷರಗಳನ್ನು ಓದಿಯೇ ಸಂಬಳ ಪಡೆದವನಿಗೆ ಅರ್ಧ ವಿಧಿ ಓದಿದ ಅವಮಾನ ಬ್ಯಾಗಿನ ನಷ್ಟಕ್ಕಿಂತ ಕಡಿಮೆಯದಲ್ಲ.

ವಿಮೆಯೂ ಕೈಕೊಟ್ಟಿತು. ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕೆಂದು ಎಲ್ಲರೂ ಮಾಡಿಸುತ್ತೇವೆ, ಆದರೆ ಆ ಷರತ್ತು ವೈದ್ಯಕೀಯ ವೆಚ್ಚಕ್ಕೆ ಸಂಬಂಧಿಸಿದ್ದು. ನನ್ನ ಪಾಲಿಸಿಯಲ್ಲಿ ಸಾಮಾನಿನ ರಕ್ಷಣೆಯೂ ಇತ್ತು, ವಿಮಾನ ಸಂಸ್ಥೆಗೆ ಒಪ್ಪಿಸಿದ ಸಾಮಾನಿಗೆ ಮಾತ್ರ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಆ ಪುಟವನ್ನು ನಾನು ಮೆಸ್ತ್ರೆಯ ಹಾಸಿಗೆಯ ಮೇಲೆ ಕುಳಿತು ಓದಿದೆ.

ಹೋಗುವವರು ಇಷ್ಟು ಮಾಡಿ. ಕ್ಯಾಮೆರಾ ಬ್ಯಾಗು ಸೀಟಿನ ಕೆಳಗೆ ತೂರುವಷ್ಟು ಚಿಕ್ಕದಿರಲಿ, ಕ್ಯಾಮೆರಾ ಬ್ಯಾಗಿನಂತೆ ಕಾಣದಿರಲಿ. ಚಾಲಕ ಡಿಕ್ಕಿಗೆ ಹಾಕು ಎಂದರೆ ಕ್ಯಾಮೆರಾ, ಲೆನ್ಸುಗಳನ್ನು ತೆಗೆದು ಕೋಟಿನ ಜೇಬಿಗೋ ಪ್ಲಾಸ್ಟಿಕ್ ಚೀಲಕ್ಕೋ ತುಂಬಿಕೊಂಡು ಖಾಲಿ ಬ್ಯಾಗನ್ನು ಕೊಡಿ. ಜನ ಗೊಣಗಲಿ. ಅವನು ಒಪ್ಪದಿದ್ದರೆ ಟಿಕೆಟ್ಟಿನ ಮೂವತ್ತೋ ನಲವತ್ತೋ ಯೂರೋ ಹೋಗಲಿ ಎಂದು ಇಳಿದುಬಿಡಿ. ಹಾರ್ಡ್ ಡಿಸ್ಕ್ ಮೈಮೇಲೆ ಇರಲಿ. ಕಸ್ಟಮ್ಸ್ ಕಾಗದವನ್ನು ತಪ್ಪದೆ ಮಾಡಿಸಿ.

ಕಂಪನಿಯ ಕೊನೆಯ ಉತ್ತರ ಜನವರಿಯಲ್ಲಿ ಬಂತು. ತಮ್ಮ ಹೊಣೆ ಏನೂ ಇಲ್ಲದಿದ್ದರೂ ಸದ್ಭಾವನೆಯ ಕುರುಹಾಗಿ 15 ಯೂರೋಗಳ ಕೂಪನ್ ಕಳಿಸಿದ್ದಾರೆ. ಒಂದು ವರ್ಷದೊಳಗೆ ಅವರದೇ ಬಸ್ಸಿನಲ್ಲಿ ಬಳಸಬೇಕು, ಹೆಚ್ಚುವರಿ ಸಾಮಾನಿನ ಶುಲ್ಕಕ್ಕೆ ಅದು ಅನ್ವಯಿಸುವುದಿಲ್ಲವಂತೆ.